ಬಿಸಿಲು ಬಂದರೆ ಸೋರುವ ಮನೆ

ಬಾಗಿಲು ತೆರೆದ ಹೆಂಗಸು ನನ್ನ ಕೊರಳಿನ ಗುರುತಿನ ಚೀಟಿ ಓದಿದರು, ಮುಖ ನೋಡಿದರು, ಮತ್ತೆ ಚೀಟಿಯತ್ತ ಕಣ್ಣು ಹಾಯಿಸಿದರು. ಆಮೇಲೆ ಎದುರು ಮನೆಗೆ ಕೇಳಿಸದಷ್ಟು ಸಣ್ಣ ದನಿಯಲ್ಲಿ, ಕನ್ನಡದಲ್ಲೇ, “ನೀವು ಕನ್ನಡ ಸಂಘಕ್ಕೆ ಬರ್ತೀರಾ?” ಎಂದು ಕೇಳಿದರು.

“ಯಾವಾಗ್ಲೋ ಒಂದ್ಸಲ. ಯುಗಾದಿಗೆ, ದೀಪಾವಳಿಗೆ,” ಎಂದೆ.

“ಹಾಗಾದ್ರೆ ನಾನು ಇಲ್ಲಿರೋದು ಅಲ್ಲಿ ಯಾರಿಗೂ ಗೊತ್ತಾಗೋದು ಬೇಡ. ಅಷ್ಟು ಮಾತು ಕೊಟ್ಟು ಒಳಗೆ ಬನ್ನಿ.”

ಮಾತು ಕೊಡದಿದ್ದರೂ ಒಳಗೆ ಹೋಗುವ ಅಧಿಕಾರ ನನಗಿತ್ತು, ಮುಂಚೆಯೇ ನೋಟಿಸ್ ಕಳಿಸಿಯಾಗಿತ್ತು. ಆದರೂ ಮಾತು ಕೊಟ್ಟೆ. ಈಗ ಇದನ್ನು ಬರೆಯುತ್ತಿರುವುದೂ ಅವರನ್ನು ಕೇಳಿಯೇ. ಹೆಸರು ಬೇಡ, ಉಳಿದದ್ದೆಲ್ಲ ಬರೀರಿ ಅಂದಿದ್ದಾರೆ.

ತೊಂಬತ್ತರ ದಶಕದ ನಡುವಿನ ಒಂದು ಚಳಿಗಾಲ ಅದು. ನಾನಿದ್ದದ್ದು ಅಮೆರಿಕದ ಗೈದರ್ಸ್‌ಬರ್ಗ್ ಎಂಬ ಊರಿನಲ್ಲಿ. ಕೆಲಸ ವಾಷಿಂಗ್ಟನ್ ಸುತ್ತಲಿನ ಇನ್ನೊಂದು ಕೌಂಟಿಯ, ಅಂದರೆ ಜಿಲ್ಲೆಯ, ವಸತಿ ಕಚೇರಿಯಲ್ಲಿ. ಕಡಿಮೆ ವರಮಾನದವರಿಗೆ ಸರ್ಕಾರವೇ ಬಾಡಿಗೆಗೆ ಕೊಡುವ ಮನೆಗಳನ್ನು ನೋಡಿ, ವಾಸಕ್ಕೆ ಯೋಗ್ಯವೋ ಅಲ್ಲವೋ ಎಂದು ವರದಿ ಬರೆಯುವುದು ನನ್ನ ಕೆಲಸ. ಮೈಸೂರಿನಲ್ಲಿ ಸಿವಿಲ್ ಇಂಜಿನಿಯರಿಂಗ್ ಓದಿದ್ದು ಅಂತೂ ಉಪಯೋಗಕ್ಕೆ ಬಂದಿತ್ತು. ಈ ಮನೆಗಳಲ್ಲಿ ಎರಡು ಕಡೆಯ ಹೊಣೆಯೂ ಲೀಸ್‌ನಲ್ಲಿ, ಅಂದರೆ ಬಾಡಿಗೆ ಕರಾರಿನಲ್ಲಿ, ಬರೆದಿರುತ್ತದೆ. ಗೋಡೆ, ಚಾವಣಿ, ನೀರು, ಚಳಿಗಾಲದ ಹೀಟರ್ ಇವನ್ನು ಸರಿಯಾಗಿಡುವುದು ಕಚೇರಿಯ ಪಾಲು. ಮನೆಯನ್ನು ಚೊಕ್ಕಟವಾಗಿಡುವುದು, ಏನಾದರೂ ಕೆಟ್ಟರೆ ಕೂಡಲೇ ತಿಳಿಸುವುದು, ಕೂರಿಸಿದ ಯಾವ ಉಪಕರಣವನ್ನೂ ಹಾಳುಗೆಡವದಿರುವುದು ಬಾಡಿಗೆದಾರರ ಪಾಲು. ಓದುವಾಗ ಎರಡೂ ಬೇರೆ ಬೇರೆ ಕಾಣುತ್ತವೆ. ಒದ್ದೆ ಗೋಡೆಯ ಮುಂದೆ ನಿಂತಾಗ ಯಾವುದು ಯಾರ ಪಾಲು ಎಂದು ಹೇಳುವುದು ಅಷ್ಟು ಸುಲಭವಲ್ಲ.

ಆ ಮನೆ ಎರಡಂತಸ್ತಿನ ಇಟ್ಟಿಗೆ ಕಟ್ಟಡದ ಮೇಲ್ಮಹಡಿಯಲ್ಲಿತ್ತು. ಕಟ್ಟಡದಲ್ಲಿ ಕೆಳಗೆರಡು, ಮೇಲೆರಡು ಫ್ಲಾಟ್. ವಾರ್ಷಿಕ ತಪಾಸಣೆಗೆ ಬೇರೊಬ್ಬ ಇನ್‌ಸ್ಪೆಕ್ಟರ್ ಬಂದಾಗ ಉತ್ತರದ ಮಲಗುವ ಕೋಣೆಯ ಗೋಡೆಯಲ್ಲಿ ಕಪ್ಪು ಬೂಷ್ಟು ಕಂಡಿತ್ತು. ಮನೆಯೊಳಗೆ ಬಟ್ಟೆ ಒಣಗಿಸುತ್ತಾರೆ, ಹೊತ್ತುಹೊತ್ತಿಗೆ ಕುಕ್ಕರ್ ಇಡುತ್ತಾರೆ, ಬಚ್ಚಲಿನ ಎಕ್ಸಾಸ್ಟ್ ಫ್ಯಾನ್ ಬಳಸುವುದೇ ಇಲ್ಲ ಎಂದು ಆತ ಬರೆದಿದ್ದ. ಅದರ ಮೇಲೆ ಆ ವಸತಿ ಸಮುಚ್ಚಯದ ಮ್ಯಾನೇಜರ್ ನೋಟಿಸ್ ಕೊಟ್ಟಿದ್ದರು: ಸರಿಪಡಿಸಿಕೊಳ್ಳಿ, ಮರುತಪಾಸಣೆಯಲ್ಲೂ ಹೀಗೇ ಇದ್ದರೆ ಲೀಸ್ ರದ್ದು. ಆ ಮರುತಪಾಸಣೆಗೆ ನಾನು ಬಂದಿದ್ದೆ.

ಹೆಂಗಸು ಹಾಸನದ ಕಡೆಯವರು. ನನಗಿಂತ ಏಳೆಂಟು ವರ್ಷಕ್ಕೆ ದೊಡ್ಡವರು. ಗಂಡ ಇಲ್ಲಿನ ರೆಸ್ಟೋರೆಂಟ್ ಒಂದರಲ್ಲಿ ಮುಖ್ಯ ಅಡುಗೆಯವರಾಗಿದ್ದು, ಗ್ರೀನ್ ಕಾರ್ಡ್ ಬಂದ ಮೇಲೆ ಹೆಚ್ಚು ದಿನ ಬದುಕಲಿಲ್ಲ. ಈಕೆ ಒಂದು ನರ್ಸಿಂಗ್ ಹೋಮಿನ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸ ಹಿಡಿದು, ವರ್ಷಗಟ್ಟಲೆ ಕಾದು ಈ ಮನೆ ಪಡೆದಿದ್ದರು. ಮಗಳು ಹೈಸ್ಕೂಲಿನ ಕೊನೆಯ ವರ್ಷದಲ್ಲಿದ್ದಳು. ಅವಳಿಗೆ ಆಸ್ತಮಾ. ಆ ಚಳಿಗಾಲದಲ್ಲಿ ಅದು ಹೆಚ್ಚಾಗಿ, ತಾಯಿ ಮಗಳಿಬ್ಬರೂ ಮಲಗುವ ಕೋಣೆ ಬಿಟ್ಟು ಹಾಲ್‌ನಲ್ಲಿ ಹಾಸಿಗೆ ಹಾಕಿಕೊಳ್ಳುತ್ತಿದ್ದರು.

ಗೋಡೆಯನ್ನು ಬ್ಲೀಚ್ ಹಾಕಿ ಉಜ್ಜಿದ್ದು ಕಾಣುತ್ತಿತ್ತು. ಆದರೂ ಬೂಷ್ಟು ಮತ್ತೆ ಬಂದಿತ್ತು. ನಾನು ತೇವ ಅಳೆಯುವ ಮೀಟರಿನ ಎರಡು ಸೂಜಿಗಳನ್ನು ಗೋಡೆಗೆ ಚುಚ್ಚುತ್ತಾ ಕೆಳಗಿನಿಂದ ಮೇಲಕ್ಕೆ ಹೋದೆ. ಅಡುಗೆಯ ಹಬೆ, ಬಟ್ಟೆಯ ಹಬೆ ತಣ್ಣನೆಯ ಗೋಡೆಗೆ ತಾಗಿ ನೀರಾದರೆ ಮೇಲ್ಮೈ ಮಾತ್ರ ಒದ್ದೆಯಾಗುತ್ತದೆ, ಬೂಷ್ಟು ಮೆಣಸು ಚೆಲ್ಲಿದ ಹಾಗೆ ಚುಕ್ಕೆ ಚುಕ್ಕೆಯಾಗಿ ಹರಡುತ್ತದೆ. ಇಲ್ಲೂ ಕಪಾಟಿನ ಹಿಂದೆ ಅಂಥ ಚುಕ್ಕೆಗಳಿದ್ದವು. ಆದರೆ ಸೀಲಿಂಗ್ ಮತ್ತು ಗೋಡೆ ಸೇರುವ ಮೂಲೆಯಲ್ಲಿ ಬೇರೆಯದೇ ಗುರುತಿತ್ತು: ಕಂದು ಅಂಚಿನ ಕಲೆ, ಒಂದರೊಳಗೊಂದು ಬಳೆಯಂತೆ. ನೀರು ಬಂದು, ಒಣಗಿ, ಮತ್ತೆ ಬಂದರೆ ಮಾತ್ರ ಹಾಗಾಗುತ್ತದೆ. ಅಲ್ಲಿ ಸೂಜಿ ಬೆಣ್ಣೆಗೆ ಇಳಿದಂತೆ ಇಳಿಯಿತು.

“ಇಲ್ಲಿ ಸೋರತ್ತಾ?” ಎಂದೆ.

“ಸೋರತ್ತೆ. ಆದ್ರೆ ಹೇಳಿದ್ರೆ ಯಾರೂ ನಂಬಲ್ಲ.” ಅವರು ಸ್ವಲ್ಪ ತಡೆದು ಹೇಳಿದರು. “ಮಳೆ ಬಂದ್ರೆ ಸೋರಲ್ಲ. ಬಿಸಿಲು ಬಂದ್ರೆ ಸೋರತ್ತೆ. ಎದುರು ಮನೆಯವ್ರ ಪೈಪ್ ಎಲ್ಲೋ ಒಡ್ದಿರ್ಬೇಕು ಅಂತ ನನ್ಗನ್ಸತ್ತೆ.”

ಬಾಗಿಲಲ್ಲಿ ನಿಂತಿದ್ದ ಮಗಳು, “ಅಮ್ಮ ಸುಳ್ಳು ಹೇಳಲ್ಲ ಆಂಟಿ. ಐ ಸಾ ಇಟ್. ಬ್ರೈಟ್ ಸನ್, ಅಂಡ್ ಇಟ್ಸ್ ಡ್ರಿಪ್ಪಿಂಗ್,” ಎಂದಳು.

ಎದುರು ಮನೆಯ ಪೈಪ್ ಆ ದಿಕ್ಕಿನಲ್ಲಿ ಇರಲು ಸಾಧ್ಯವಿರಲಿಲ್ಲ. ಬಿಸಿಲಿಗೆ ಸೋರುವ ಚಾವಣಿಯನ್ನೂ ನಾನು ಕಂಡವಳಲ್ಲ. ಬಚ್ಚಲಿಗೆ ಹೋದೆ. ಹಗ್ಗದ ಮೇಲೆ ಒದ್ದೆ ಯೂನಿಫಾರಂ, ದುಪಟ್ಟಾ. ಸೀಲಿಂಗ್‌ನಲ್ಲಿದ್ದ ಫ್ಯಾನಿನ ಜಾಲರಿಗೆ ದಪ್ಪ ಪ್ಲಾಸ್ಟಿಕ್ ಹಚ್ಚಿ ಸುತ್ತಲೂ ಟೇಪ್ ಸುತ್ತಿದ್ದರು.

“ಇದ್ಯಾಕೆ?”

“ಅಲ್ಲಿಂದ ಐಸಿನಂಥ ಗಾಳಿ ಬರತ್ತೆ. ಹತ್ತಿ ಥರ ಏನೋ ಉದುರತ್ತೆ. ಇವಳಿಗೆ ಕೆಮ್ಮು. ರಿಪೇರಿಯವ್ರು ಮೆಟ್ಲಲ್ಲಿ ಸಿಕ್ಕಾಗ ಹೇಳ್ದೆ, ನೋಡ್ತೀವಿ ಅಂದ್ರು. ಬರ್ಲೇ ಇಲ್ಲ.”

“ಆಫೀಸಿಗೆ ಫೋನ್ ಮಾಡಿ ಕಂಪ್ಲೇಂಟ್ ಕೊಟ್ರಾ?”

ಇಲ್ಲ ಎಂಬಂತೆ ತಲೆಯಾಡಿಸಿದರು. ಕಚೇರಿಯ ಮಟ್ಟಿಗೆ ಮೆಟ್ಟಿಲ ಮೇಲೆ ಹೇಳಿದ್ದು ಹೇಳಿದಂತಲ್ಲ.

ಹೊರಡುವಾಗ ಅವರು ನನ್ನ ಕೈ ಹಿಡಿದುಕೊಂಡರು. “ಪಾಸ್ ಅಂತ ಬರ್ದುಬಿಡಿ. ನಿಮ್ಗೇನೂ ಹೋಗಲ್ಲ. ನಾನು ಮತ್ತೆ ಉಜ್ತೀನಿ, ಪೇಂಟ್ ಹೊಡಿಸ್ತೀನಿ. ಈ ಮನೆ ಹೋದ್ರೆ ಇವಳ ಸ್ಕೂಲು ಅರ್ಧಕ್ಕೆ ನಿಲ್ಲತ್ತೆ.”

ಮನಸ್ಸಿಗೆ ಕಷ್ಟವಾಯಿತು. ವರದಿ ಕೊಡಲು ಇನ್ನೂ ಕೆಲವು ದಿನಗಳಿದ್ದವು. “ನೋಡಿ ಹೇಳ್ತೀನಿ,” ಎಂದಷ್ಟೇ ಹೇಳಿ ಇಳಿದು ಬಂದೆ.

ಮೊದಲು ದುರಸ್ತಿ ವಿಭಾಗದ ಮುಖ್ಯಸ್ಥರನ್ನು ಕಂಡೆ. ನಾರ್ತ್ ಕ್ಯಾರೊಲೈನಾದ ದೊಡ್ಡ ಆಳು. ಮಾತು ನಿಧಾನ, ಕೆಲಸ ಅಚ್ಚುಕಟ್ಟು. ಚಾವಣಿ ಸೋರುತ್ತಿದೆ ಎಂದು ನನ್ನ ಅನುಮಾನ ಎಂದಾಗ, ಎರಡು ವರ್ಷದ ಹಿಂದೆ ತಾವೇ ಮುಂದೆ ನಿಂತು ಹೊದಿಸಿದ ಚಾವಣಿ ಅದು ಎಂದರು. ಆದರೂ ಕೊಂಕು ಮಾತಾಡಲಿಲ್ಲ. ಹೆಪ್ಪುಗಟ್ಟುವ ಚಳಿ ಇಲ್ಲದ ಒಂದು ದಿನ ಏಣಿ ತಂದರು, ತೋಟದ ಪೈಪ್ ಹಿಡಿದು ಮೇಲೆ ಹತ್ತಿದರು. ನಾನು ಕೋಣೆಯೊಳಗೆ ಆ ಮೂಲೆ ನೋಡುತ್ತ ನಿಂತೆ. ಸೂರಿನ ಅಂಚಿನಿಂದ ಶುರುಮಾಡಿ ಸ್ವಲ್ಪ ಸ್ವಲ್ಪವೇ ಮೇಲಕ್ಕೆ, ಮಳೆ ಬಿದ್ದಂತೆಯೇ ನೀರು ಬಿಟ್ಟರು. ಆ ಮಾಡಿನ ಮೇಲಿದ್ದ ಗಾಳಿ ಹೋಗುವ ತಗಡಿನ ಟೋಪಿಯ ಸುತ್ತಲೂ ಬಿಟ್ಟರು. ಒಂದು ಗಂಟೆಯಾದರೂ ಹನಿ ಬರಲಿಲ್ಲ. ಮೀಟರಿನ ಮುಳ್ಳು ಇದ್ದಲ್ಲೇ ಇತ್ತು.

ಕೆಳಗಿಳಿದು ಬಂದು ಅವರು ಕೈಗವಸು ಕಳಚಿದರು. “ಮ್ಯಾಮ್, ಈ ಚಾವಣಿ ಸೋರಲ್ಲ,” ಎಂದರು. ಬಿಸಿಲಿಗೆ ಸೋರುತ್ತದಂತೆ ಎಂದೆ. ಅವರು ಆಕಾಶ ನೋಡಿದರು, ನನ್ನನ್ನು ನೋಡಿದರು. ನಗಲಿಲ್ಲ, ಅಷ್ಟರ ಮಟ್ಟಿಗೆ ಒಳ್ಳೆಯವರು.

ಆ ವಾರಾಂತ್ಯವೆಲ್ಲ ನನಗೆ ಅದೇ ಯೋಚನೆ. ಪಾಸ್ ಎಂದು ಬರೆದರೆ ಆ ಹೊತ್ತಿಗೆ ಮನೆ ಉಳಿಯುತ್ತದೆ. ಆದರೆ ನೀರು ಎಲ್ಲಿಂದ ಬರುತ್ತಿದೆಯೋ ಅಲ್ಲಿಂದ ಬರುತ್ತಲೇ ಇರುತ್ತದೆ. ಮುಂದಿನ ವರ್ಷ ಇನ್ನೊಬ್ಬ ಇನ್‌ಸ್ಪೆಕ್ಟರ್ ಬಂದಾಗ ತಪ್ಪೆಲ್ಲ ಇವರ ತಲೆಗೇ ಬರುತ್ತದೆ. ಹುಡುಗಿ ಅದೇ ಗಾಳಿಯನ್ನು ಉಸಿರಾಡುತ್ತಾಳೆ. ಫೇಲ್ ಎಂದು ಬರೆದರೆ ಮನೆ ಖಾಲಿ ಮಾಡಿಸುವ ಕ್ರಮ ಶುರುವಾಗುತ್ತದೆ. ನಾನು ಹೊಸಬಳು, ನನ್ನ ಮಾತಿಗೆ ಎಷ್ಟು ತೂಕವೋ ಗೊತ್ತಿರಲಿಲ್ಲ. ಕೊನೆಗೆ ಸೋಮವಾರ ಫೇಲ್ ಎಂದೇ ಬರೆದೆ. ಅದರ ಕೆಳಗೆ ಇನ್ನೊಂದು ಮಾತು ಸೇರಿಸಿದೆ: ಮೂಲೆಯ ತೇವ ಮನೆಯೊಳಗಿನ ಹಬೆಯಿಂದ ಬಂದದ್ದಲ್ಲ, ಮೇಲಿನಿಂದ ಬರುತ್ತಿದೆ. ಅಟ್ಟವನ್ನು ನೋಡುವವರೆಗೆ ಇದಕ್ಕೆ ಬಾಡಿಗೆದಾರರೇ ಕಾರಣ ಎನ್ನಲಾಗದು.

ಅಂಚೆಯಲ್ಲಿ ಅವರಿಗೆ ತಲುಪುವ ಮುಂಚೆ ನಾನೇ ಹೋಗಿ ಹೇಳಿದೆ.

 “ನಮ್ಮೋರು ಬಂದ್ರು ಅಂತ ಖುಷಿ ಪಟ್ಟಿದ್ದೆ,” ಎಂದರು ಅವರು.

“ಪಾಸ್ ಮಾಡಿದ್ರೆ ಗೋಡೆ ಒಣಗಲ್ಲ. ನಿಮ್ಗೆ ವಿಚಾರಣೆ ಕೇಳೋ ಹಕ್ಕಿದೆ, ನೋಟಿಸಿನ ಹಿಂದೇನೇ ಇದೆ. ನೀವು ಕೇಳಿದ್ರೆ ಅದು ಮುಗಿಯೋ ತನಕ ಯಾರೂ ನಿಮ್ಮನ್ನ ಎಬ್ಬಿಸೋಕಾಗಲ್ಲ. ನಿಮ್ಮ ಮೇಲೆ ಏನೇನು ಬರ್ದಿದ್ದಾರೆ ಅನ್ನೋದನ್ನ ಮುಂಚೇನೇ ಹೋಗಿ ನೋಡ್ಬಹುದು. ಅದಕ್ಕೂ ಹಕ್ಕಿದೆ.”

“ಹಾಗಾದ್ರೆ ನೀವೇ ಬಂದು ನನ್ನ ಪರವಾಗಿ ಇಂಗ್ಲಿಷ್‌ನಲ್ಲಿ ಹೇಳಿ.”

ನಾನು ಆಗಲ್ಲ ಎಂದೆ. ಅವರ ಮಾತನ್ನು ಇಂಗ್ಲಿಷಿಗೆ ತಿರುಗಿಸುವವಳಾಗಿ ಕೂತರೆ ಗೋಡೆಯ ಬಗ್ಗೆ ನಾನು ಬಾಯಿ ಬಿಡುವಂತಿಲ್ಲ. ಇನ್‌ಸ್ಪೆಕ್ಟರಾಗಿ ಮಾತಾಡಿದರೆ ಅವರ ದನಿಯಾಗುವಂತಿಲ್ಲ. ಎರಡರಲ್ಲಿ ಒಂದೇ ಸಾಧ್ಯ. ಇದನ್ನೆಲ್ಲ ವಿವರಿಸಿದೆ, ಅವರು ಅದನ್ನು ನಂಬಲಿಲ್ಲ. ಬಾಗಿಲು ಹಾಕಿಕೊಂಡರು. ಮೆಟ್ಟಿಲಿಳಿಯುವಾಗ ಹಿಂದೆಯೇ ಮಗಳು ಬಂದಳು. ಶೂ ಕೂಡ ಹಾಕಿರಲಿಲ್ಲ. “ಆಂಟಿ, ಹಿಯರಿಂಗ್‌ಗೆ ಹೇಗೆ ಅಪ್ಲೈ ಮಾಡೋದು? ಟೆಲ್ ಮೀ ಒನ್ಸ್ ಮೋರ್, ಸ್ಲೋಲಿ,” ಎಂದಳು. ಮೆಟ್ಟಿಲ ಮೇಲೆ ನಿಂತೇ ಹೇಳಿಕೊಟ್ಟೆ. ಮರುದಿನವೇ ಅರ್ಜಿ ಕಚೇರಿಗೆ ತಲುಪಿತು.

ಅಟ್ಟ ನೋಡುವುದು ಮುಂದಿನ ಕೆಲಸ. ನಾಲ್ಕು ಮನೆಗೂ ಸೇರಿ ಒಂದೇ ಅಟ್ಟ, ಅದಕ್ಕೆ ಒಂದೇ ಕಿಂಡಿ. ಅದಿದ್ದದ್ದು ಎದುರು ಫ್ಲಾಟಿನ ಕಪಾಟಿನ ಮೇಲೆ. ವಿಚಾರಣೆ ಮುಗಿಯುವವರೆಗೆ ಯಾರೂ ಏನೂ ಮುಟ್ಟಬಾರದು ಎಂದು ಮ್ಯಾನೇಜರ್ ಅಡ್ಡ ಬಂದರು. ಅವರು ಕೆಟ್ಟವರೇನಲ್ಲ. ಮನೆಗಾಗಿ ಕಾಯುತ್ತಿದ್ದವರ ಸಾಲು ಉದ್ದವಿತ್ತು, ಮನೆ ಕೆಡಿಸಿದವರ ಬಗ್ಗೆ ಅವರಿಗೆ ತಾಳ್ಮೆ ಉಳಿದಿರಲಿಲ್ಲ. ನನ್ನ ಮೇಲಧಿಕಾರಿ ನನ್ನ ವರದಿ ಓದಿ, ನೋಡದೆ ಇರುವುದಕ್ಕಿಂತ ನೋಡುವುದೇ ಮೇಲು ಎಂದ ಮೇಲೆ ದಾರಿಯಾಯಿತು. ಅದೇ ದಿನ ದುರಸ್ತಿ ಮುಖ್ಯಸ್ಥರೊಂದಿಗೆ ಹೋಗಿ ಎದುರು ಮನೆಯ ಬಾಗಿಲು ತಟ್ಟಿದೆ. ಹೊರಗೆ ಕೊರೆಯುವ ಚಳಿ, ಮೇಲೆ ಒಳ್ಳೆಯ ಬಿಸಿಲು. ಬೇಕಾದ ದಿನವೇ ಸಿಕ್ಕಿತು ಅಂದುಕೊಂಡೆ.

ಬಾಗಿಲು ತೆರೆದವರು ಬಸ್ ಓಡಿಸಿ ನಿವೃತ್ತರಾದ ಕಪ್ಪು ಹಿರಿಯರು. ಇಸ್ತ್ರಿ ಹಾಕಿದ ಅಂಗಿ, ಮೂಗಿನ ತುದಿಯಲ್ಲಿ ಕನ್ನಡಕ. ನಾವು ಹೇಳಿದ್ದನ್ನೆಲ್ಲ ಸಮಾಧಾನದಿಂದ ಕೇಳಿದರು.

“ತುರ್ತು ಪರಿಸ್ಥಿತಿಯೇ?” ಎಂದರು.

ಅಲ್ಲ ಎಂದು ಒಪ್ಪಲೇಬೇಕಾಯಿತು. ನೆಂಟರ ಮನೆಯಂತೆ ಬಂದು ತಟ್ಟಿದರೆ ಆಗುವುದಿಲ್ಲ, ಎರಡು ದಿನ ಮುಂಚೆ ಲಿಖಿತ ನೋಟಿಸ್ ಕೊಟ್ಟು ಬನ್ನಿ, ಆಗ ಕಪಾಟು ಖಾಲಿ ಮಾಡಿ ನಾನೇ ದಾರಿ ಬಿಡುತ್ತೇನೆ ಎಂದರು. ಅದು ಅವರ ಹಕ್ಕು. ಬೇರೆ ದಿನವಾಗಿದ್ದರೆ ಮೆಚ್ಚಿಕೊಳ್ಳುತ್ತಿದ್ದೆ.

ನೋಟಿಸ್ ಕೊಟ್ಟು ಮತ್ತೆ ಹೋಗುವಷ್ಟರಲ್ಲಿ ಚಳಿ ಸಡಿಲಿ, ಮಾರ್ಚ್ ತಿಂಗಳಂಥ ಬೆಚ್ಚಗಿನ ಗಾಳಿ ಬೀಸತೊಡಗಿತ್ತು. ಹಿರಿಯರು ಹೇಳಿದಂತೆ ಕಪಾಟು ಖಾಲಿ ಮಾಡಿ, ನೆಲಕ್ಕೆ ಹಳೆಯ ಹೊದಿಕೆ ಹಾಸಿ ಕಾಯುತ್ತಿದ್ದರು. ಬಣ್ಣ ಮೆತ್ತಿ ಮುಚ್ಚಿಹೋಗಿದ್ದ ಕಿಂಡಿಯನ್ನು ಬಿಡಿಸಿ, ನಾನು ಮತ್ತು ಮುಖ್ಯಸ್ಥರು ಟಾರ್ಚ್ ಹಿಡಿದು ಮರದ ತೊಲೆಗಳ ಮೇಲೆ ತೆವಳುತ್ತ ಉತ್ತರದ ಮೂಲೆಗೆ ಹೋದೆವು. ಅಟ್ಟ ಒಣಗಿತ್ತು. ಗಾಜಿನ ನಾರಿನ ಹಾಸು ಆ ಮೂಲೆಯಲ್ಲಿ ಮಾತ್ರ ಕುಸಿದು ಚಪ್ಪಟೆಯಾಗಿತ್ತು. ಚಾವಣಿಯ ಹಲಗೆಯಿಂದ ಕೆಳಕ್ಕೆ ಚಾಚಿದ್ದ ಮೊಳೆಗಳ ತುದಿಗಳು ತುಕ್ಕು ಹಿಡಿದಿದ್ದವು. ಅವುಗಳ ಕೆಳಗೆ ಒಂದು ತಮಾಷೆ ಕಂಡಿತು. ನಾಲ್ಕು ಬಚ್ಚಲುಗಳ ಫ್ಯಾನಿನ ಕೊಳವೆಗಳೂ ಅಲ್ಲಿಗೆ ಬಂದು ಸೇರಿದ್ದವು. ಸೇರಿ, ಮೇಲಿನ ತಗಡಿನ ಟೋಪಿಗೆ ಜೋಡಣೆಯಾಗಬೇಕಿತ್ತು. ಆಗಿರಲಿಲ್ಲ. ಬಾಯಿ ತೆರೆದುಕೊಂಡು ಹಾಗೇ ಬಿದ್ದಿದ್ದವು. ಅದರ ಹಿಂದಿನ ವರ್ಷ ಹೊಸ ಫ್ಯಾನ್ ಕೂರಿಸಿದ ಗುತ್ತಿಗೆದಾರ ಕೊಳವೆಯನ್ನು ಅಲ್ಲಿಯವರೆಗೆ ಎಳೆದು ಕೈಬಿಟ್ಟಿದ್ದ.

ನನಗೆ ಎಲ್ಲ ಹೊಳೆದುಬಿಟ್ಟಿತು. ನಾಲ್ಕು ಮನೆಯ ಸ್ನಾನದ ಹಬೆ ಹೊರಗೆ ಹೋಗದೆ ಈ ಮೂಲೆಗೆ ಬರುತ್ತದೆ. ಕಡು ಚಳಿಯಲ್ಲಿ ಹಲಗೆಗೆ ತಾಗಿ ಮಂಜುಗಡ್ಡೆಯಾಗುತ್ತದೆ. ಬಿಸಿಲು ಬಂದು ಚಾವಣಿ ಕಾದಾಗ ಕರಗಿ ಹನಿಯುತ್ತದೆ. ಮಳೆಯ ದಿನ ಗಡ್ಡೆಯೇ ಇರುವುದಿಲ್ಲ, ಆದ್ದರಿಂದ ಹನಿಯೂ ಇಲ್ಲ. ಇವರ ಫ್ಯಾನಿನಿಂದ ಇಳಿಯುತ್ತಿದ್ದ ತಣ್ಣನೆ ಗಾಳಿ, ಉದುರುತ್ತಿದ್ದ ‘ಹತ್ತಿ’ ಎಲ್ಲ ಈ ಅಟ್ಟದ್ದೇ.

ಆದರೆ ತೋರಿಸಲು ಅಲ್ಲಿ ಮಂಜೂ ಇರಲಿಲ್ಲ, ಹನಿಯೂ ಇರಲಿಲ್ಲ. ಮುಖ್ಯಸ್ಥರು ಮೊಳೆ ಮುಟ್ಟಿ ನೋಡಿ, ಇದು ಹಳೆಯ ಚಾವಣಿಯ ಕಾಲದ ತುಕ್ಕೂ ಇರಬಹುದು ಎಂದರು. ಅದು ಸುಳ್ಳಲ್ಲ. ಕೊಳವೆ ಬಿಟ್ಟುಹೋಗಿರುವುದನ್ನು ಮ್ಯಾನೇಜರ್‌ಗೆ ಹೇಳಿದಾಗ ಅವರು ಕೇಳಿದ ಪ್ರಶ್ನೆ ನೇರವಾಗಿತ್ತು: ಆಕೆ ಫ್ಯಾನಿಗೆ ಟೇಪ್ ಸುತ್ತಿ ಕೂತಿದ್ದಾರೆ. ಬಳಸದ ಫ್ಯಾನಿನ ಕೊಳವೆ ಎಲ್ಲಿ ಬಿದ್ದಿದ್ದರೇನು? ಅವರ ಹಬೆಯೆಲ್ಲ ಅವರ ಮನೆಯೊಳಗೇ ಇದೆಯಲ್ಲ?

ಉಳಿದ ಮೂರು ಮನೆಯ ಹಬೆ ಎಂದೆ. ಊಹೆ ಎಂದರು.

ವಿಚಾರಣೆ ಕಚೇರಿಯ ಒಂದು ಸಣ್ಣ ಕೋಣೆಯಲ್ಲಿ ನಡೆಯಿತು. ನಡೆಸಿದವರು ಹೊರಗಿನವರು, ಶಾಲೆಯೊಂದರಲ್ಲಿ ಪ್ರಾಂಶುಪಾಲರಾಗಿದ್ದು ನಿವೃತ್ತರಾದ ಹೆಂಗಸು. ಈ ಪ್ರಕರಣದಲ್ಲಿ ಮುಂಚೆ ಕೈಯಾಡಿಸದವರೇ ನಡೆಸಬೇಕೆಂಬುದು ನಿಯಮ. ಮೇಜಿನ ಒಂದು ಬದಿಗೆ ಮ್ಯಾನೇಜರ್, ಇನ್ನೊಂದು ಬದಿಗೆ ತಾಯಿ ಮಗಳು, ತುದಿಯಲ್ಲಿ ನಾನು. ತಾಯಿ ನನ್ನ ಕಡೆ ನೋಡಲಿಲ್ಲ.

ದುಭಾಷಿ ಬೇಕೇ ಎಂದು ಆ ವಿಚಾರಣಾ ಅಧಿಕಾರಿ ಕೇಳಿದರು. ಬೇಕಾದರೆ ದಿನಾಂಕ ಮುಂದಕ್ಕೆ ಹಾಕಿ ಹುಡುಕಿಸುವುದಾಗಿಯೂ ಹೇಳಿದರು. ಮಗಳು ತಾನೇ ಹೇಳುತ್ತೇನೆ ಎಂದಳು. ನೀನೂ ಆ ಮನೆಯಲ್ಲಿರುವವಳು, ನಿನ್ನ ಮಾತು ನೀನು ಹೇಳಬಹುದು, ಅಮ್ಮನ ಮಾತು ಬೇಡ ಎಂದರು ಅಧಿಕಾರಿ. ತಾಯಿಗೆ ಅರ್ಥವಾಯಿತು. ಮಗಳ ತೋಳು ಮುಟ್ಟಿ, “ಇರ್ಲಿ ಬಿಡು. ನಾನೇ ಹೇಳ್ತೀನಿ,” ಎಂದರು. ಆಮೇಲೆ ಅಧಿಕಾರಿಯ ಕಡೆ ತಿರುಗಿದರು.

“ಐ ಟಾಕ್. ಸ್ಲೋ, ಓಕೆ? ರೈನ್, ನೋ ವಾಟರ್. ಸ್ನೋ, ನೋ ವಾಟರ್. ವೆರಿ ಕೋಲ್ಡ್ ನೈಟ್, ಮಾರ್ನಿಂಗ್ ಬಿಗ್ ಸನ್, ವಾಟರ್ ಕಮ್. ಐ ಕ್ಲೀನ್, ಐ ಕ್ಲೀನ್. ಅಗೇನ್ ಬ್ಲ್ಯಾಕ್.”

ಫ್ಯಾನಿಗೆ ಟೇಪ್ ಹಾಕಿದ್ದು ಯಾರು ಎಂದು ಅಧಿಕಾರಿ ಕೇಳಿದರು.

“ಮೀ,” ಎಂದರು ತಾಯಿ. “ಕೋಲ್ಡ್ ಕಮಿಂಗ್, ಡಾಟರ್ ಕಾಫ್. ಸೋ ಮೀ.”

ಹಾಗೆ ಮುಚ್ಚಬಾರದೆಂದು ಲೀಸ್‌ನಲ್ಲಿದೆ, ಗೊತ್ತೇ ಎಂದರು. ಗೊತ್ತಿರಲಿಲ್ಲ, ಈಗ ಗೊತ್ತಾಯಿತು ಎಂದು ತಾಯಿ ಕೈಸನ್ನೆ ಕೂಡಿಸಿ ಹೇಳಿದರು. ಒಂದು ನೆಪವನ್ನೂ ಹೇಳಲಿಲ್ಲ, ಕಣ್ಣೀರು ಹಾಕಲಿಲ್ಲ. ಮೇಜಿನ ತುದಿಯಲ್ಲಿ ಕೂತು ಕೇಳುತ್ತಿದ್ದ ನನಗೆ, ಈ ಮಾತು ನನ್ನ ಬಾಯಿಂದ ಬಂದಿದ್ದರೆ ಇಷ್ಟು ಚೆನ್ನಾಗಿ ಬರುತ್ತಿರಲಿಲ್ಲ ಅನ್ನಿಸಿತು.

ನನ್ನ ಸರದಿ ಬಂದಾಗ ಕಂಡದ್ದನ್ನು ಹೇಳಿದೆ. ಕಪಾಟಿನ ಹಿಂದಿನ ಚುಕ್ಕೆ ಬೂಷ್ಟಿಗೆ ಮುಚ್ಚಿದ ಫ್ಯಾನ್, ಒಳಗೆ ಒಣಗುವ ಬಟ್ಟೆ ಕಾರಣ ಎಂದೂ ಹೇಳಿದೆ. ತಾಯಿಯ ಮುಖ ಗಡುಸಾಯಿತು. ಮೂಲೆಯ ನೀರಿಗೆ ಅವು ಕಾರಣವಲ್ಲ ಎಂದು ಮುಂದುವರಿಸಿ, ಮಂಜುಗಡ್ಡೆಯ ವಿಷಯ ವಿವರಿಸಿದೆ. ಮ್ಯಾನೇಜರ್ ತಮ್ಮ ಪ್ರಶ್ನೆಯನ್ನು ಮತ್ತೆ ಎತ್ತಿದರು.

ಅಧಿಕಾರಿ ನನ್ನನ್ನು ಕೇಳಿದರು: “ನೀವು ಹೇಳುವ ಮಂಜುಗಡ್ಡೆಯನ್ನು ನೀವು ಕಂಡಿದ್ದೀರಾ?”

“ಇಲ್ಲ.”

“ನನಗೆ ತೋರಿಸಬಲ್ಲಿರಾ?”

“ಚಳಿ ಮತ್ತೆ ಬಂದರೆ ತೋರಿಸಬಲ್ಲೆ.”

ಅವರು ಪೆನ್ನಿನ ಮುಚ್ಚಳ ಹಾಕಿದರು. ತೀರ್ಪು ಕೊಡುವ ಮುಂಚೆ ತಾವೇ ಬಂದು ನೋಡುವುದಾಗಿ ಹೇಳಿ, ಅಲ್ಲಿಯವರೆಗೆ ಕೊಳವೆಗಳನ್ನು ಯಾರೂ ಮುಟ್ಟಕೂಡದು ಎಂದರು. ಎದುರು ಮನೆಯವರಿಗೆ ಸರಿಯಾದ ನೋಟಿಸ್ ಹೋಗಲಿ ಎಂದೂ ಸೇರಿಸಿದರು.

ಅಲ್ಲಿಂದ ಮುಂದೆ ನಾನು ಟಿವಿಯಲ್ಲಿ ಹವಾಮಾನ ಬಿಟ್ಟು ಬೇರೇನೂ ನೋಡಲಿಲ್ಲ. ಫೆಬ್ರವರಿ ಹೀಗೇ ಬೆಚ್ಚಗೆ ಕಳೆದುಹೋದರೆ ಏನು ಗತಿ ಎಂಬ ಹೆದರಿಕೆ. ಮನೆಯಲ್ಲಿ ಗಂಡ, “ಚಳಿ ಬರ್ಲಿ ಅಂತ ಕಾಯೋ ಇಂಡಿಯನ್ ನೀನೊಬ್ಳೇ,” ಎಂದು ಕಾಡಿಸುತ್ತಿದ್ದರು. ಕೊನೆಗೂ ಕೆನಡಾದ ಕಡೆಯಿಂದ ಚಳಿ ಇಳಿಯುತ್ತದೆ ಎಂದು ಮುನ್ಸೂಚನೆ ಬಂತು. ನೋಟಿಸ್ ಹೋಯಿತು. ಚಳಿ ಬಂದೇ ಬಂತು.

ನಾವು ನೋಡಲು ಹೋದ ದಿನ ಬೆಳಿಗ್ಗೆ ಕಾರಿನ ಗಾಜಿನ ಮೇಲಿನ ಐಸ್ ಕೆರೆಯುವಾಗ ಬೆರಳು ಮರಗಟ್ಟಿದವು. ಆಕಾಶ ನಿಚ್ಚಳ. ಅಧಿಕಾರಿ ದಪ್ಪ ಕೋಟಿನಲ್ಲಿ ಬಂದರು. ಮ್ಯಾನೇಜರ್, ಮುಖ್ಯಸ್ಥರು, ತಾಯಿ, ಮಗಳು ಎಲ್ಲ ಸೇರಿದೆವು. ಬಸ್ ಓಡಿಸುತ್ತಿದ್ದ ಹಿರಿಯರು ಸ್ನಾನದ ನಿಲುವಂಗಿಯಲ್ಲೇ ಬಾಗಿಲು ತೆರೆದು, ನನ್ನ ಸ್ನಾನ ಇನ್ನೂ ಆಗಿಲ್ಲ ಎಂದರು. ನನಗೆ ಬೇಕಾದದ್ದೂ ಅದೇ ಎಂದೆ. ಫ್ಯಾನ್ ಹಾಕಿ ಬಿಸಿ ನೀರು ಬಿಡಿ ಎಂದು ಕೇಳಿಕೊಂಡು ಏಣಿ ಹತ್ತಿದೆ. ನನ್ನ ಹಿಂದೆ ಮುಖ್ಯಸ್ಥರು, ಅವರ ಹಿಂದೆ ಅಧಿಕಾರಿ. ಆ ವಯಸ್ಸಿನಲ್ಲಿ ಅವರು ಹತ್ತುತ್ತಾರೆಂದು ಯಾರೂ ಅಂದುಕೊಂಡಿರಲಿಲ್ಲ.

ಟಾರ್ಚ್ ಹಾಕಿದೆ. ಉತ್ತರದ ಮೂಲೆಯ ಹಲಗೆಯೆಲ್ಲ ಬೆಳ್ಳಗಿತ್ತು. ಒಂದೊಂದು ಮೊಳೆಯ ತುದಿಗೂ ಹಿಂಡು ಹಿಂಡಾಗಿ ಮಂಜು ಕಟ್ಟಿತ್ತು, ಬೆಳಕು ಬಿದ್ದಲ್ಲೆಲ್ಲ ಮಿನುಗುತ್ತಿತ್ತು. ಕೆಳಗೆ ನೀರು ಬಿಟ್ಟ ಸದ್ದು ಕೇಳಿತು. ಸ್ವಲ್ಪ ಹೊತ್ತಿಗೆ ಕೊಳವೆಯೊಂದರ ಬಾಯಿಂದ ಇಡ್ಲಿ ಪಾತ್ರೆಯ ಮುಚ್ಚಳ ತೆಗೆದಂತೆ ಹಬೆ ಎದ್ದು ನೇರ ಆ ಬಿಳಿಗೆ ಬಡಿಯಿತು. ಅಧಿಕಾರಿ ಕೈ ಮುಂದೆ ಚಾಚಿ ಹಬೆಯೊಳಗೆ ಹಿಡಿದರು, ಅಂಗೈ ನೋಡಿಕೊಂಡರು.

“ಈಗ ಬಿಸಿಲಿಗೆ ಕಾಯೋಣ,” ಎಂದೆ.

ಮುಖ್ಯಸ್ಥರು ನಿಧಾನವಾಗಿ, “ಬೇಡ ಮ್ಯಾಮ್. ನನಗೆ ಸಾಕು,” ಎಂದರು. ಆದರೆ ಅಧಿಕಾರಿ ಕಾಯೋಣ ಎಂದರು. ಕೆಳಗಿಳಿದು ತಾಯಿಯ ಮನೆಯ ಆ ಕೋಣೆಯಲ್ಲಿ ಎಲ್ಲರೂ ಕೋಟಿನಲ್ಲೇ ನಿಂತೆವು. ಬಿಸಿಲು ಏರಿತು.  ಆಮೇಲೆ ಮೂಲೆಯ ಕಂದು ಬಳೆಯ ನಡುವೆ ಒಂದು ಹನಿ ಮೂಡಿತು, ದಪ್ಪವಾಯಿತು, ನೆಲದ ಕಾರ್ಪೆಟ್ಟಿಗೆ ಬಿತ್ತು. ಹಿಂದೆಯೇ ಇನ್ನೊಂದು.

ಮಗಳು, “ಸೀ?” ಎಂದಳು. ಅಷ್ಟೇ. ತಾಯಿ ಗೋಡೆಗೆ ಒರಗಿ ಕೆಳಗೆ ಕೂತುಬಿಟ್ಟರು. ಎಷ್ಟೋ ದಿನದಿಂದ ನಿಂತೇ ಇದ್ದವರ ಹಾಗೆ ಉಸಿರು ಬಿಟ್ಟರು. ಮ್ಯಾನೇಜರ್ ಹನಿ ಬಿದ್ದ ಜಾಗವನ್ನು ಬಗ್ಗಿ ಮುಟ್ಟಿದರು. ಎದ್ದು ತಾಯಿಯ ಕಡೆ ತಿರುಗಿ, ನೀವು ಮುಂಚೆಯೇ ಹೇಳಿದ್ದು ಸರಿ ಎಂದರು. ಅದನ್ನು ನಾನು ಕನ್ನಡಕ್ಕೆ ತಿರುಗಿಸಲಿಲ್ಲ. ಬೇಕಾಗಿರಲಿಲ್ಲ.

ತೀರ್ಪು ಬಂದಾಗ ಎರಡೂ ಕಡೆಗೂ ಕೆಲಸವಿತ್ತು. ಲೀಸ್ ರದ್ದು ಮಾಡುವ ನೋಟಿಸ್ ವಾಪಸ್. ಕಚೇರಿ ಕೊಳವೆಗಳನ್ನು ಜೋಡಿಸಿ, ನೆನೆದ ಹಾಸು ತೆಗೆದು, ಗೋಡೆಯ ಆ ಭಾಗ ಕತ್ತರಿಸಿ ಹೊಸದಾಗಿ ಕಟ್ಟಿಸಬೇಕು. ತಾಯಿ ಟೇಪ್ ಕಿತ್ತು ಫ್ಯಾನ್ ಬಳಸಬೇಕು, ಬಟ್ಟೆಯನ್ನು ನೆಲಮಾಳಿಗೆಯ ಡ್ರೈಯರ್‌ನಲ್ಲೇ ಒಣಗಿಸಬೇಕು, ಏನು ಕೆಟ್ಟರೂ ಕಚೇರಿಗೇ ತಿಳಿಸಬೇಕು. ಇದನ್ನು ಓದಿಸಿಕೊಂಡ ತಾಯಿ ಮೊದಲ ಸಲ ಕಚೇರಿಗೇ ಹೋಗಿ ದೂರು ಕೊಟ್ಟರು: ನನ್ನ ಪಾಳಿ ಮುಗಿಯೋ ಹೊತ್ತಿಗೆ ಆ ಡ್ರೈಯರ್ ಕೋಣೆಗೆ ಬೀಗ ಬಿದ್ದಿರತ್ತೆ, ಒಣಗಿಸೋದೆಲ್ಲಿ? ಬೀಗದ ಹೊತ್ತು ಬದಲಾಯಿತು. ಮುಖ್ಯಸ್ಥರು ಕೊಳವೆಗಳನ್ನು ಬೇರೆಯವರಿಗೆ ಬಿಡದೆ ತಾವೇ ಹತ್ತಿ ಜೋಡಿಸಿದರು. ಅದೇ ಗುತ್ತಿಗೆದಾರ ಕೆಲಸ ಮಾಡಿದ್ದ ಬೇರೆ ಕಟ್ಟಡಗಳ ಅಟ್ಟಗಳನ್ನೂ ಒಂದೊಂದಾಗಿ ನೋಡಿಸಿದರು.

ಕೊನೆಯ ತಪಾಸಣೆಗೆ ಹೋದಾಗ ಗೋಡೆಗೆ ಹೊಸ ಬಣ್ಣ ಬಂದಿತ್ತು. ಮೀಟರಿನ ಸೂಜಿ ಎಲ್ಲಿ ಚುಚ್ಚಿದರೂ ಒಣ. ಪಾಸ್ ಎಂದು ಬರೆದು ಸಹಿ ಹಾಕಿದೆ. ಇಷ್ಟು ದಿನದ ಭಾರ ಹೆಗಲಿನಿಂದ ಇಳಿದದ್ದು ನಿಜಕ್ಕೂ ಗೊತ್ತಾಯಿತು.

ತಾಯಿ ಬಾಗಿಲವರೆಗೆ ಬಂದರು. “ಅವತ್ತು ನಿಮ್ಮನ್ನ ತುಂಬ ಬೈಕೊಂಡೆ,” ಎಂದರು.

“ಗೊತ್ತು.”

“ಇವತ್ತಾದ್ರೂ ಕೂತ್ಕೊಂಡು ಏನಾದ್ರೂ ತಿಂದು ಹೋಗಿ.”

ನನ್ನ ಕೆಲಸದಲ್ಲಿ ಬಾಡಿಗೆದಾರರ ಮನೆಯಲ್ಲಿ ನೀರೂ ಕುಡಿಯುವಂತಿರಲಿಲ್ಲ. ಅದನ್ನು ಹೇಳಿದೆ. ಅವರಿಗೆ ಬೇಸರವಾದದ್ದು ಕಂಡಿತು, ನನಗೂ ಆಯಿತು. ಆಫೀಸಿಗೆ ಹೋದವಳೇ ಆ ಸಮುಚ್ಚಯವನ್ನು ನನ್ನ ಪಾಲಿನಿಂದ ತೆಗೆದು ಬೇರೆಯವರಿಗೆ ಕೊಡಿ ಎಂದು ಮೇಲಧಿಕಾರಿಯನ್ನು ಕೇಳಿಕೊಂಡೆ. ಯಾಕೆಂದು ಕೇಳಿದರು. ಅಲ್ಲಿ ನನ್ನನ್ನು ಊಟಕ್ಕೆ ಕರೆದಿದ್ದಾರೆ ಎಂದೆ. ಅವರು ನಕ್ಕು, ಅದನ್ನು ಸಹೋದ್ಯೋಗಿಯೊಬ್ಬನಿಗೆ ಕೊಟ್ಟರು.

ವಸಂತ ಬಂದ ಮೇಲೆ ಒಂದು ಶನಿವಾರ, ಕೊರಳಲ್ಲಿ ಗುರುತಿನ ಚೀಟಿ ಇಲ್ಲದೆ ಆ ಮೆಟ್ಟಿಲು ಹತ್ತಿದೆ. ಮಗಳು ಆ ಮಲಗುವ ಕೋಣೆಯಲ್ಲಿ ಬಾಗಿಲು ಹಾಕಿಕೊಂ​ಡು ಪರೀಕ್ಷೆಗೆ ಓದುತ್ತಿದ್ದಳು. ಅಮ್ಮ ಕರೆದಾಗ, “ಫೈವ್ ಮಿನಿಟ್ಸ್, ಅಮ್ಮ,” ಎಂದು ಒಳಗಿಂದಲೇ ಕೂಗಿದಳು. ತಾಯಿ ಅಡುಗೆಮನೆಯಲ್ಲಿ ಒತ್ತು ಶಾವಿಗೆ ಒತ್ತುತ್ತಿದ್ದರು. ನಾನು ಹಿಂದೆ ಹೋಗಿ ಒತ್ತುವ ಹಿಡಿಕೆಯ ಇನ್ನೊಂದು ಬದಿ ಹಿಡಿದೆ. ಇಬ್ಬರೂ ಸೇರಿ ಒತ್ತಿದಾಗ ಬೇಗ ಆಯಿತು. ನರ್ಸಿಂಗ್ ಹೋಮಿನ ಅಜ್ಜಿಯರು, ಊರು, ನನ್ನ ಅತ್ತೆ ಹೀಗೆ ಎಲ್ಲೆಲ್ಲಿಗೋ ಮಾತು ಹೋಯಿತು. ಗೋಡೆಯ ಸುದ್ದಿ ಇಬ್ಬರೂ ಎತ್ತಲಿಲ್ಲ. ತಟ್ಟೆಗೆ ಶಾವಿಗೆ ಹಾಕಿ, ಮೇಲೆ ಕಾಯಿಹಾಲು ಸುರಿದು ಕೊಟ್ಟರು. ನಾನು ತಲೆ ಎತ್ತದೆ ತಿಂದೆ.

“ಇನ್ನೊಂದಿಷ್ಟು ಹಾಕ್ಲಾ?” ಎಂದರು.

“ಹಾಕಿ,” ಎಂದೆ.